ಕಂದಕ ಕುಸಿದಿದೆ ಅಂದವಳ ಪರವಾಗಿ: ಆಡಳಿತ ಮಂಡಳಿಗೊಂದು ಬಹಿರಂಗ ಪತ್ರ

ಇವರಿಗೆ,
ಅಧ್ಯಕ್ಷರು ಮತ್ತು ಸದಸ್ಯರು, ಆಡಳಿತ ಮಂಡಳಿ,
ಹಾಗೂ ಪ್ರಾಂಶುಪಾಲರು,
ಹಾಸನ ಜಿಲ್ಲೆಯ ಒಂದು ಕಾಲೇಜು

ವಿಷಯ: ನಿಮ್ಮ ಲ್ಯಾಬಿನ ಸರ್ವರ್‌ನಲ್ಲಿರುವ ಭದ್ರತಾ ದೋಷ, ಮತ್ತು ಅದನ್ನು ತಿಳಿಸಿದ ವಿದ್ಯಾರ್ಥಿನಿಗೆ ಆಗಿರುವ ಅನ್ಯಾಯ.

ಮಾನ್ಯರೇ, ನಮಸ್ಕಾರ.

ನಿಮ್ಮ ಕಾಲೇಜಿನ ಹೆಸರನ್ನು ಈ ಪತ್ರದಲ್ಲಿ ಎಲ್ಲೂ ಬರೆದಿಲ್ಲ. ಓದಿದ ತಕ್ಷಣ ಇದು ನಿಮಗೇ ಬರೆದದ್ದು ಅಂತ ನಿಮಗೆ ಗೊತ್ತಾಗುತ್ತದೆ, ಅಷ್ಟು ಸಾಕು. ಹೆದರಿಕೊಂಡು ಬಿಟ್ಟಿದ್ದಲ್ಲ. ನಾನು ಇದನ್ನು ಬರೆಯುತ್ತಿರುವ ಹೊತ್ತಿಗೂ ಆ ಸರ್ವರ್ ಹಾಗೇ ಇದೆ. ಹೆಸರು ಹಾಕಿದರೆ ಕೆಟ್ಟ ಬುದ್ಧಿಯವರಿಗೆ ನಾನೇ ವಿಳಾಸ ಕೊಟ್ಟ ಹಾಗಾಗುತ್ತದೆ. ನಿಮ್ಮ ಮಕ್ಕಳ ವಿದ್ಯಾರ್ಥಿವೇತನದ ಅರ್ಜಿಗಳು, ಆಧಾರ್ ಪ್ರತಿಗಳು, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟಗಳು ಅದೇ ಸರ್ವರ್‌ನಲ್ಲಿವೆ. ನಿಮ್ಮ ಮೇಲಿನ ಬೇಜಾರಿಗೆ ಆ ಮಕ್ಕಳನ್ನು ಅಪಾಯಕ್ಕೆ ದೂಡಲು ನನಗೆ ಇಷ್ಟವಿಲ್ಲ.

ನಾನು ಹಾಸನದಲ್ಲಿ ಕಂಪ್ಯೂಟರ್ ಸರ್ವಿಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಸ್ವಂತ ಊರು ಆಲೂರು ತಾಲ್ಲೂಕು. ಅಲ್ಲಿ ಎರಡು ಎಕರೆ ಕಾಫಿ ಇದೆ, ಅಪ್ಪ ನೋಡಿಕೊಳ್ಳುತ್ತಾರೆ. ನಿಮ್ಮ ಲ್ಯಾಬಿಗೆ ಮೂರು ವರ್ಷದಿಂದ ಬರುತ್ತಿದ್ದೇನೆ. ಯುಪಿಎಸ್ ಬ್ಯಾಟರಿ, ಕೀಬೋರ್ಡ್, ಎಸ್‌ಎಂಪಿಎಸ್ ಬದಲಿಸೋದು, ಇಷ್ಟೇ ನನ್ನ ಕೆಲಸ. ಸಾಫ್ಟ್‌ವೇರ್ ನನ್ನ ಗುತ್ತಿಗೆಯಲ್ಲಿ ಇಲ್ಲ. ಹಾಗಾಗಿ ಇದು ನನ್ನ ಕೆಲಸ ಅಲ್ಲ ಅಂತ ನೀವು ಹೇಳಬಹುದು. ಆದರೆ ಅವತ್ತು ಆಫೀಸಿನ ಮುಂದಿನ ಬೆಂಚಿನಲ್ಲಿ ಆ ವಿದ್ಯಾರ್ಥಿನಿಯ ತಾಯಿ ಕೂತಿದ್ದನ್ನು ನಾನು ನೋಡಿದೆ. ನೋಡಿದ ಮೇಲೆ ಸುಮ್ನೆ ಇರೋಕೆ ಆಗಲಿಲ್ಲ. ನಿಮಗೆ ಎರಡು ಸಲ ಖಾಸಗಿಯಾಗಿ ಪತ್ರ ಕೊಟ್ಟೆ. ಮೊದಲನೆಯದಕ್ಕೆ ಸ್ವೀಕೃತಿ ಸೀಲು ಸಿಕ್ಕಿತು, ಉತ್ತರ ಸಿಗಲಿಲ್ಲ. ಎರಡನೆಯದಕ್ಕೆ ಸೀಲೂ ಸಿಗಲಿಲ್ಲ. ಅದಕ್ಕೇ ಈಗ ಎಲ್ಲರ ಮುಂದೆ ಬರೆಯುತ್ತಿದ್ದೇನೆ.

ನಡೆದದ್ದನ್ನು ಮೊದಲಿಂದ ಹೇಳುತ್ತೇನೆ.

ಆ ಹುಡುಗಿ ನಿಮ್ಮಲ್ಲಿ ಡಿಪ್ಲೊಮಾ ಐದನೇ ಸೆಮಿಸ್ಟರ್. ಅರಕಲಗೂಡು ಕಡೆಯ ಹಳ್ಳಿ. ರಜೆಯಲ್ಲಿ ಒಂದು ತಿಂಗಳು ನನ್ನ ಅಂಗಡಿಗೆ ಬಂದು ಕೆಲಸ ಕಲಿತಳು. ಬೆಳಿಗ್ಗೆ ಮೊದಲ ಬಸ್ಸಿಗೆ ಬರುತ್ತಿದ್ದಳು. ಯಾವ ಮೆಷಿನ್ ಅಂಗಡಿಗೆ ಬಂದರೂ ಅದರಲ್ಲಿ ಯಾವ ವರ್ಷನ್ ಇದೆ, ಅಪ್‌ಡೇಟ್ ಆಗಿದೆಯಾ ಅಂತ ನೋಡಿ ಪುಸ್ತಕದಲ್ಲಿ ಬರೆದಿಡುವ ಅಭ್ಯಾಸ ಅವಳಿಗೆ ಅಲ್ಲೇ ಆಯಿತು. ಅದನ್ನು ಕಲಿಸಿದವನು ನಾನು. ಹಾಗಾಗಿ ಈ ವಿಷಯದಲ್ಲಿ ನನ್ನ ಪಾಲೂ ಇದೆ ಅಂತಲೇ ಇಟ್ಟುಕೊಳ್ಳಿ.

ನಿಮ್ಮ ಲ್ಯಾಬಿನ ಮೂಲೆಯಲ್ಲಿರೋ ಸರ್ವರ್‌ಗೆ ಎಲ್ಲಾ ವಿದ್ಯಾರ್ಥಿಗಳೂ ಲಾಗಿನ್ ಆಗಿ ಸಿ ಪ್ರೋಗ್ರಾಮ್ ಬರೆಯುತ್ತಾರೆ. ಪ್ರತಿಯೊಬ್ಬರಿಗೂ ಒಂದು ಸಾಮಾನ್ಯ ಖಾತೆಯನ್ನು ನೀವೇ ಕೊಟ್ಟಿದ್ದೀರಿ. ಒಂದು ದಿನ ಪ್ರಾಕ್ಟಿಕಲ್ ಮುಗಿದ ಮೇಲೆ ಅವಳು ಆ ಖಾತೆಯಲ್ಲೇ ಕೂತು 'ಸ್ನ್ಯಾಪ್ ವರ್ಷನ್' ಅಂತ ಎರಡು ಪದ ಟೈಪ್ ಮಾಡಿದಳು. ಸ್ನ್ಯಾಪ್ ಅನ್ನೋ ಸಾಫ್ಟ್‌ವೇರ್ ಯಾವ ವರ್ಷನ್ ಇದೆ ಅಂತ ಮೆಷಿನ್ನನ್ನು ಕೇಳೋದು ಅಷ್ಟೇ. ಸರ್ವರ್ ಉತ್ತರ ಕೊಟ್ಟಿತು: 2.48. ಅವಳ ಪುಸ್ತಕದಲ್ಲಿ ಇನ್ನೊಂದು ನಂಬರ್ ಇತ್ತು: 2.54.3. ಆ ನಂಬರಿಗಿಂತ ಕೆಳಗಿದ್ದರೆ ಮೆಷಿನ್‌ನಲ್ಲಿ ಒಂದು ದೊಡ್ಡ ದೋಷ ಇರುತ್ತದೆ ಅಂತ ಅವಳಿಗೆ ಗೊತ್ತಿತ್ತು. ಅವಳು ಮಾಡಿದ್ದು ಇಷ್ಟೇ. ಬೀಗ ಮುಟ್ಟಲಿಲ್ಲ. ಬೀಗದ ಮೇಲೆ ಕೆತ್ತಿದ ನಂಬರ್ ಓದಿದಳು.

ಲ್ಯಾಬ್ ನೋಡಿಕೊಳ್ಳುವವರಿಗೆ ಹೇಳಿದಳು. ಪರೀಕ್ಷೆ ಮುಗಿಯಲಿ ನೋಡೋಣ ಅಂದರು. ಹದಿನೈದು ದಿನ ಕಾದು ಪ್ರಾಂಶುಪಾಲರಿಗೆ ಎರಡು ಪುಟದ ಪತ್ರ ಬರೆದಳು. ಕೊಡುವ ಮುಂಚೆ ನನಗೆ ತೋರಿಸಿ, 'ಅಣ್ಣಾ, ಇದರಲ್ಲಿ ಏನಾದ್ರೂ ತಪ್ಪು ಇದೆಯಾ' ಅಂತ ಕೇಳಿದಳು. ನಾನು ಓದಿದೆ. ಒಂದು ತಪ್ಪೂ ಇರಲಿಲ್ಲ. ಮರ್ಯಾದೆ ಬಿಟ್ಟ ಮಾತೂ ಇರಲಿಲ್ಲ.

ಮಾರನೇ ದಿನ ಅವಳನ್ನು ಆಫೀಸಿಗೆ ಕರೆಸಿದಿರಿ. 'ಸರ್ವರ್ ಒಳಗೆ ಕೈ ಹಾಕೋಕೆ ನಿನಗೆ ಯಾರು ಹೇಳಿದ್ದು' ಅಂತ ಕೇಳಿದಿರಿ. ತಾಯಿಯನ್ನು ಊರಿಂದ ಕರೆಸಿದಿರಿ. ಅವರು ಒಂದು ದಿನದ ಕೂಲಿ ಬಿಟ್ಟು ಬಂದಿದ್ದರು. ಅವತ್ತು ನಾನು ಬ್ಯಾಟರಿ ಬದಲಿಸೋಕೆ ಬಂದಿದ್ದೆ. ಆಫೀಸಿನ ಬಾಗಿಲು ತೆಗೆದೇ ಇತ್ತು. ಹ್ಯಾಕಿಂಗ್, ಪೊಲೀಸ್, ಐಟಿ ಕಾಯ್ದೆ, ಮೂರು ವರ್ಷ ಜೈಲು, ಈ ಮಾತುಗಳನ್ನು ನಾನು ಕಿವಿಯಾರೆ ಕೇಳಿದೆ. ಆಮೇಲೆ ಅವಳ ಕೈಯಲ್ಲಿ ತಪ್ಪೊಪ್ಪಿಗೆ ಪತ್ರ ಬರೆಸಿಕೊಂಡಿರಿ. ಲ್ಯಾಬಿಗೆ ಬರಬಾರದು ಅಂದಿರಿ. ಈಗ ಅವಳು ಪ್ರೋಗ್ರಾಮನ್ನು ಕಾಗದದ ಮೇಲೆ ಬರೆದು ಅಭ್ಯಾಸ ಮಾಡುತ್ತಿದ್ದಾಳೆ. ಸರ್ವರ್ ಮಾತ್ರ ಅವತ್ತು ಹೇಗಿತ್ತೋ ಇವತ್ತೂ ಹಾಗೇ ಓಡುತ್ತಿದೆ.

ಅವಳು ಹೇಳಿದ ದೋಷ ಏನು ಅನ್ನೋದನ್ನು ಯಾರೂ ನಿಮಗೆ ಸರಿಯಾಗಿ ವಿವರಿಸಿಲ್ಲ ಅಂತ ನನಗೆ ಅನಿಸುತ್ತದೆ. ನಾನು ಪ್ರಯತ್ನ ಮಾಡುತ್ತೇನೆ. ಸ್ವಲ್ಪ ತಾಳ್ಮೆಯಿಂದ ಓದಿ.

ಹಸುವನ್ನು ಮೇಯೋಕೆ ಬಿಡುವಾಗ ಗೂಟಕ್ಕೆ ಕಟ್ಟುತ್ತೇವೆ ಅಲ್ವಾ? ಹಗ್ಗ ಎಷ್ಟು ಉದ್ದವೋ ಅಷ್ಟು ಹುಲ್ಲು ಅದರದ್ದು. ಪಕ್ಕದ ಭತ್ತದ ಗದ್ದೆಗೆ ಬಾಯಿ ಹಾಕೋಕೆ ಆಗಲ್ಲ. ಕಂಪ್ಯೂಟರಿನಲ್ಲೂ ಪ್ರೋಗ್ರಾಮುಗಳನ್ನು ಹೀಗೆ ಕಟ್ಟಿ ಹಾಕುವ ಏರ್ಪಾಡು ಇದೆ. ಒಂದು ಪ್ರೋಗ್ರಾಮ್ ಯಾವ ಫೈಲ್ ಓದಬಹುದು, ಎಲ್ಲಿ ಬರೆಯಬಹುದು ಅಂತ ಮೊದಲೇ ಗೆರೆ ಎಳೆದಿರುತ್ತಾರೆ. ಆ ಪ್ರೋಗ್ರಾಮ್ ಹಾಳಾದರೂ, ಯಾರೋ ಅದರೊಳಗೆ ನುಗ್ಗಿದರೂ, ಗೆರೆ ದಾಟೋಕೆ ಆಗಬಾರದು. ವಿಂಡೋಸ್ ಇದ್ದ ಹಾಗೆ ಮೆಷಿನ್ ಓಡಿಸುವ ಲಿನಕ್ಸ್ ಅಂತ ಒಂದಿದೆ, ಅದರಲ್ಲಿ ಈ ಕೆಲಸಕ್ಕೆ ಆಪ್‌ಆರ್ಮರ್ ಅಂತ ಒಂದಿದೆ, ಎಸ್‌ಇ ಲಿನಕ್ಸ್ ಅಂತ ಇನ್ನೊಂದಿದೆ. ಆಪ್‌ಆರ್ಮರ್ 2010ರಲ್ಲಿ ಲಿನಕ್ಸ್‌ನ ತಿರುಳಾದ ಕರ್ನಲ್‌ನ ಒಳಗೇ ಸೇರಿತು. ನಿಮ್ಮ ಸರ್ವರ್‌ನಲ್ಲಿರುವ ಉಬುಂಟು ಅನ್ನೋ ಬಗೆಯ ಲಿನಕ್ಸ್‌ನಲ್ಲಿ ಅದು ಮೊದಲಿಂದಲೇ ಚಾಲೂ ಆಗಿ ಬರುತ್ತದೆ. ಎಸ್‌ಇ ಲಿನಕ್ಸ್ ನಮ್ಮೆಲ್ಲರ ಜೇಬಿನ ಆಂಡ್ರಾಯ್ಡ್ ಫೋನಿನಲ್ಲೂ ಇದೆ.

ಉಬುಂಟುವಿನಲ್ಲಿ ಸ್ನ್ಯಾಪ್ ಅನ್ನೋ ಪ್ಯಾಕೇಜುಗಳಿವೆ, ಅಂದರೆ ಬೇಕಾದ್ದೆಲ್ಲ ಒಂದೇ ಕಟ್ಟಿನಲ್ಲಿ ಕಟ್ಟಿಕೊಟ್ಟ ಪ್ರೋಗ್ರಾಮುಗಳು. ಇವನ್ನು ಶುರು ಮಾಡುವ ಮುಂಚೆ ಸುತ್ತ ಬೇಲಿ ಹಾಕುವ ಒಂದು ಚಿಕ್ಕ ಪ್ರೋಗ್ರಾಮ್ ಇದೆ. ಅದರ ಹೆಸರು ಸ್ನ್ಯಾಪ್-ಕನ್ಫೈನ್. ಬೇಲಿ ಹಾಕೋಕೆ ಇಡೀ ಮೆಷಿನ್ ಮೇಲೆ ಅಧಿಕಾರ ಬೇಕು. ಅದಕ್ಕೆ ಈ ಪ್ರೋಗ್ರಾಮನ್ನು ಸಾಮಾನ್ಯ ವಿದ್ಯಾರ್ಥಿ ಓಡಿಸಿದರೂ ಅದು ಯಜಮಾನನ ಅಧಿಕಾರದಲ್ಲೇ ಓಡುತ್ತದೆ. ಲಿನಕ್ಸ್‌ನಲ್ಲಿ ಆ ಯಜಮಾನನಿಗೆ ರೂಟ್ ಅನ್ನುತ್ತಾರೆ.

2021ರಲ್ಲಿ ಕ್ವಾಲಿಸ್ ಅನ್ನುವ ಕಂಪನಿಯ ಸಂಶೋಧಕರು ಈ ಸ್ನ್ಯಾಪ್-ಕನ್ಫೈನ್‌ನಲ್ಲೇ ದೋಷ ಇದೆ ಅಂತ ಕಂಡುಹಿಡಿದರು. ಗೊತ್ತಾದ ಭದ್ರತಾ ದೋಷಗಳಿಗೆ ಸಿವಿಇ ಅಂತ ಒಂದೊಂದು ಗುರುತಿನ ನಂಬರ್ ಕೊಡುತ್ತಾರೆ, ಇದರದ್ದು ಸಿವಿಇ-2021-44731. ಸ್ನ್ಯಾಪ್-ಕನ್ಫೈನ್ ಒಂದು ಪ್ಯಾಕೇಜಿಗೆ ಅಂತ ಪ್ರತ್ಯೇಕ ಜಾಗ ಸಿದ್ಧ ಮಾಡುವಾಗ ಒಂದು ಹೆಜ್ಜೆಗೂ ಮುಂದಿನ ಹೆಜ್ಜೆಗೂ ನಡುವೆ ಚೂರು ಹೊತ್ತಿನ ಬಿಡುವು ಇತ್ತು. ನಮ್ಮ ಕಡೆಯ ಭಾಷೆಯಲ್ಲಿ ಹೇಳುತ್ತೇನೆ. ತೋಟದ ಲೆಕ್ಕ ಬರೆಯುವ ರೈಟರ್ ಕಾಫಿ ಮೂಟೆ ಬಿಚ್ಚಿ ನೋಡಿ, ಸರಿ ಇದೆ ಅಂದು, ತೂಕಕ್ಕೆ ಇಡಿಸಲು ಆ ಕಡೆ ತಿರುಗುತ್ತಾರೆ. ಆ ತಿರುಗುವ ಹೊತ್ತಿನಲ್ಲಿ ಯಾರೋ ಮೂಟೆ ಬದಲಾಯಿಸಿದರು ಅಂದುಕೊಳ್ಳಿ. ನೋಡಿದ ಮೂಟೆ ಒಂದು, ತೂಗಿದ ಮೂಟೆ ಇನ್ನೊಂದು. ಲೆಕ್ಕದ ಪುಸ್ತಕದಲ್ಲಿ ಮಾತ್ರ ಸಹಿ ಬಿದ್ದಿರುತ್ತದೆ. ಇಲ್ಲೂ ಹಾಗೇ. ಆ ಬಿಡುವಿನಲ್ಲಿ ಸಾಮಾನ್ಯ ಬಳಕೆದಾರ ತನ್ನ ಫೋಲ್ಡರನ್ನು ಒಳಗೆ ತೂರಿಸಿ, ಕೊನೆಗೆ ಇಡೀ ಮೆಷಿನ್‌ಗೆ ರೂಟ್ ಆಗಿಬಿಡಬಹುದು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ ಅಂತ ನಾವು ಅನ್ನುತ್ತೇವಲ್ಲ, ಇದು ಅಕ್ಷರಶಃ ಅದೇ.

ಒಂದು ಮಾತು ಇಲ್ಲಿ ಹೇಳಲೇಬೇಕು. ಅದನ್ನು ಕಂಡುಹಿಡಿದವರೇ ಸ್ನ್ಯಾಪ್-ಕನ್ಫೈನ್ ತುಂಬಾ ಎಚ್ಚರಿಕೆಯಿಂದ ಬರೆದ ಪ್ರೋಗ್ರಾಮ್, ಅದನ್ನು ಒಡೆಯೋದು ಬಹಳ ಕಷ್ಟವಾಯಿತು ಅಂತ ತಮ್ಮ ವರದಿಯಲ್ಲಿ ಒಪ್ಪಿಕೊಂಡಿದ್ದಾರೆ. ಅಂದರೆ ಅದನ್ನು ಬರೆದವರು ಬೇಜವಾಬ್ದಾರಿ ಮನುಷ್ಯರಲ್ಲ. ಎಚ್ಚರಿಕೆ ಇದ್ದವರ ಕೈಯಲ್ಲೂ ತಪ್ಪು ಆಗುತ್ತದೆ. ನಿಮ್ಮ ಕಾಲೇಜಿನ ಸರ್ವರ್‌ನಲ್ಲಿ ದೋಷ ಇತ್ತು ಅನ್ನೋದು ನಿಮಗೆ ಅವಮಾನ ಅಂತ ನಾನು ಯಾವತ್ತೂ ಅನ್ನಲ್ಲ. ಈ ದೋಷ ಜಗತ್ತಿನ ಎಷ್ಟೋ ಮೆಷಿನ್‌ಗಳಲ್ಲಿ ಇತ್ತು. ಕಂಡುಹಿಡಿದವರು ಮೊದಲು ಉಬುಂಟುವಿನವರಿಗೆ ಗುಟ್ಟಾಗಿ ತಿಳಿಸಿದರು. ಅವರು ಕೂತು ಸರಿಪಡಿಸಿದರು. 2022ರ ಫೆಬ್ರವರಿ 17ರಂದು ರಿಪೇರಿ ಆದ ಆವೃತ್ತಿಯೂ ಹೊರಬಂತು, ದೋಷದ ವಿವರವೂ ಹೊರಬಂತು. ಯಾರೂ ಯಾರಿಗೂ ತಪ್ಪೊಪ್ಪಿಗೆ ಬರೆಸಲಿಲ್ಲ. ಆ ರಿಪೇರಿ ಆದ ಆವೃತ್ತಿಯ ನಂಬರೇ ಈ ಹುಡುಗಿಯ ಪುಸ್ತಕದಲ್ಲಿದ್ದ 2.54.3.

ಹಾಗಾದರೆ ಇಷ್ಟು ವರ್ಷ ನಿಮ್ಮ ಸರ್ವರ್ ಯಾಕೆ ಹಾಗೇ ಉಳಿಯಿತು? ಸ್ನ್ಯಾಪ್ ದಿನಕ್ಕೆ ನಾಲ್ಕು ಸಲ ತಾನಾಗೇ ಅಪ್‌ಡೇಟ್ ಹುಡುಕುತ್ತದೆ. ಆದರೆ ನಿಮ್ಮಲ್ಲಿ ಇಂಟರ್ನೆಟ್ ಬೇಕಾದರೆ ಬ್ರೌಸರ್‌ನಲ್ಲಿ ಪಾಸ್‌ವರ್ಡ್ ಹಾಕಬೇಕು. ಮೂಲೆಯಲ್ಲಿ ಕೂತ ಸರ್ವರ್‌ಗೆ ಬ್ರೌಸರ್ ತೆರೆದು ಪಾಸ್‌ವರ್ಡ್ ಹಾಕುವವರು ಯಾರು? ಅದು ದಿನಾ ಕೇಳುತ್ತಲೇ ಇತ್ತು, ಬಾಗಿಲು ಮುಚ್ಚಿಯೇ ಇತ್ತು. 'ಸರ್ವರ್‌ನಲ್ಲಿ ನಾವು ಸ್ನ್ಯಾಪ್ ಹಾಕೇ ಇಲ್ಲ' ಅಂತ ನಿಮ್ಮವರು ನನಗೆ ಹೇಳಿದರು. ನೀವು ಹಾಕಬೇಕಾಗಿಲ್ಲ. ಉಬುಂಟು 20.04 ಸರ್ವರ್ ಹಾಕಿದಾಗ ಅದು ಜೊತೆಯಲ್ಲೇ ಬರುತ್ತದೆ.

ಇದು ಊರಾಚೆ ಕೂತ ಯಾರೋ ಇಂಟರ್ನೆಟ್ ಮೂಲಕ ನೇರವಾಗಿ ಬಂದು ಮಾಡುವ ಕೆಲಸ ಅಲ್ಲ, ಅದನ್ನೂ ಹೇಳಿಬಿಡುತ್ತೇನೆ. ಮೆಷಿನ್ ಮೇಲೆ ಒಂದು ಸಾಮಾನ್ಯ ಖಾತೆ ಇರಬೇಕು. ಬ್ಯಾಂಕಿನ ಸರ್ವರ್‌ನಲ್ಲಿ ಅಂಥ ಖಾತೆ ನಾಲ್ಕು ಜನಕ್ಕೆ ಇರಬಹುದು. ನಿಮ್ಮ ಸರ್ವರ್‌ನಲ್ಲಿ ಪ್ರತಿ ವಿದ್ಯಾರ್ಥಿಗೂ ಇದೆ. ಪಾಸಾಗಿ ಹೋದವರ ಖಾತೆಗಳನ್ನೂ ತೆಗೆದಿಲ್ಲ. ಅದೇ ಮೆಷಿನ್‌ನಲ್ಲಿ ಆಫೀಸಿನವರು ಇಂಟರ್ನಲ್ ಅಂಕಗಳನ್ನೂ ವಿದ್ಯಾರ್ಥಿವೇತನದ ಕಾಗದಗಳನ್ನೂ ಇಟ್ಟಿದ್ದಾರೆ. ಆ ಫೋಲ್ಡರ್ ವಿದ್ಯಾರ್ಥಿಗಳಿಗೆ ಕಾಣದ ಹಾಗೆ ಮಾಡಿದ್ದೇವೆ ಅಂತ ನೀವು ನೆಮ್ಮದಿಯಿಂದಿದ್ದೀರಿ. ರೂಟ್ ಆದವನಿಗೆ ಮುಚ್ಚಿದ ಫೋಲ್ಡರ್ ಅನ್ನೋದೇ ಇಲ್ಲ.

ಇನ್ನೊಂದು ವಿಷಯ. ಇದು ಆ ಹುಡುಗಿಯ ಪತ್ರದ ಎರಡನೇ ಪುಟದಲ್ಲಿತ್ತು. ಎರಡನೇ ಪುಟವನ್ನು ನೀವು ಓದಿದ್ದೀರೋ ಇಲ್ಲವೋ ನನಗೆ ಅನುಮಾನ. ನಿಮ್ಮ ಸರ್ವರ್‌ನಲ್ಲಿ ಆಪ್‌ಆರ್ಮರ್ ಪೂರ್ತಿ ಬಂದ್ ಆಗಿದೆ. ಮೆಷಿನ್ ಶುರುವಾಗುವಾಗಲೇ ಅದನ್ನು ಬಂದ್ ಮಾಡುವ ಹಾಗೆ ಒಂದು ಸಾಲು ಬರೆದಿಟ್ಟಿದ್ದಾರೆ. ಇದನ್ನು ನೋಡೋಕೂ ಯಾವ ವಿಶೇಷ ಅಧಿಕಾರ ಬೇಡ, ಯಾವ ಖಾತೆಯಿಂದಲಾದರೂ ಓದಬಹುದು. ಯಾಕೆ ಹೀಗೆ ಅಂತ ನಾನು ಲ್ಯಾಬಿನವರನ್ನು ಕೇಳಿದೆ. ಎರಡು ವರ್ಷದ ಹಿಂದೆ ಹೊಸ ಪ್ರಿಂಟರ್ ತಂದಾಗ ಪ್ರಿಂಟ್ ಬರಲಿಲ್ಲವಂತೆ. ಯಾರೋ ಬಂದು ಆ ಸಾಲು ಸೇರಿಸಿದರಂತೆ, ಪ್ರಿಂಟ್ ಬಂತಂತೆ. ಅಷ್ಟಕ್ಕೇ ಬಿಟ್ಟರು.

ಉಬುಂಟುವಿನಲ್ಲಿ ಪ್ರಿಂಟ್ ಮಾಡುವ ಕಪ್ಸ್ ಅನ್ನೋ ಪ್ರೋಗ್ರಾಮಿಗೂ ಆಪ್‌ಆರ್ಮರ್ ಬೇಲಿ ಇರುತ್ತದೆ, ನಿಜ. ಕೆಲವು ಪ್ರಿಂಟರ್ ಡ್ರೈವರ್‌ಗಳು ಆ ಬೇಲಿಗೆ ಎಡವುತ್ತವೆ, ಅದೂ ನಿಜ. ಅಂಥ ಹೊತ್ತಿನಲ್ಲಿ ಆ ಒಂದು ಪ್ರೋಗ್ರಾಮಿನ ಬೇಲಿಯನ್ನು ಮಾತ್ರ ಸಡಿಲ ಮಾಡಬಹುದು. ಕಂಪ್ಲೇನ್ ಮೋಡ್ ಅಂತ ಇದೆ. ಅದರಲ್ಲಿ ತಡೆಯೋದಿಲ್ಲ, ಗೆರೆ ದಾಟಿದ್ದನ್ನು ಬರೆದಿಡುತ್ತದೆ. ಅದನ್ನು ನೋಡಿಕೊಂಡು ನಿಯಮ ತಿದ್ದಿ ಮತ್ತೆ ಬಿಗಿ ಮಾಡಬೇಕು. ಅರ್ಧ ಗಂಟೆಯ ಕೆಲಸ. ಅದರ ಬದಲು ಇಡೀ ತೋಟದ ಬೇಲಿ ಕಿತ್ತು ಹಾಕಿದ್ದಾರೆ. ಸ್ನ್ಯಾಪ್-ಕನ್ಫೈನ್ ಒಡೆಯೋದು ಕಷ್ಟ ಅಂತ ಸಂಶೋಧಕರು ಹೇಳಿದ್ದಕ್ಕೆ ಒಂದು ಕಾರಣ ಆಪ್‌ಆರ್ಮರ್. ಅದು ಸ್ನ್ಯಾಪ್-ಕನ್ಫೈನ್ ಸುತ್ತಲೂ ಕಾವಲಿರುತ್ತದೆ. ನಿಮ್ಮಲ್ಲಿ ಬೇಲಿಯಲ್ಲಿ ತೂತು ಇದೆ, ಕಾವಲಿನವನನ್ನೂ ಮನೆಗೆ ಕಳಿಸಿದ್ದೀರಿ. ಅಷ್ಟೇ ಅಲ್ಲ. ಇಷ್ಟು ಕಾಲ ಅಪ್‌ಡೇಟ್ ಆಗದ ಮೆಷಿನ್‌ನಲ್ಲಿ 2022ರ ಜನವರಿ 25ರಂದು ಹೊರಬಿದ್ದ, ಪಿಕೆಎಕ್ಸೆಕ್ ಅನ್ನೋ ಇನ್ನೊಂದು ಪ್ರೋಗ್ರಾಮಿನ ದೋಷವೂ ಇರುತ್ತದೆ. ಅದನ್ನು ಬಳಸಿ ರೂಟ್ ಆಗೋದು ಇದಕ್ಕಿಂತ ಸುಲಭ. 2009ರಿಂದ ಅದು ಲಿನಕ್ಸ್ ಮೆಷಿನ್‌ಗಳಲ್ಲಿ ಇತ್ತು, ಹನ್ನೆರಡು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಈಗ ನಮ್ಮ ಊರಿನ ಒಂದು ವಿಷಯ ಹೇಳುತ್ತೇನೆ. ಆಲೂರು, ಸಕಲೇಶಪುರದ ಕಡೆ ಆನೆ ಕಾಟ ಹೇಗಿದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಆಡಳಿತ ಮಂಡಳಿಯಲ್ಲಿ ಇಬ್ಬರು ತೋಟದವರೇ ಇದ್ದೀರಿ. ಕಾಡಂಚಿನಲ್ಲಿ ಆನೆ ಕಂದಕ ತೋಡಿದ್ದಾರೆ. ಮಳೆಗಾಲ ಬಂತೆಂದರೆ ಅದರ ಬದಿಗಳು ಕುಸಿಯುತ್ತವೆ. ಮಣ್ಣು ತುಂಬಿ ಕಂದಕ ಅರ್ಧ ಆಗುತ್ತದೆ. ಹಳ್ಳ ದಾಟುವ ಕಡೆ, ಬಂಡೆ ಸಿಕ್ಕ ಕಡೆ ಬಿಟ್ಟಿರುತ್ತಾರೆ. ಆನೆಗೆ ಅಷ್ಟು ಸಾಕು. ಒಂದು ಕಾಲಲ್ಲಿ ಬದಿಯ ಮಣ್ಣು ಕೆಡವಿ ಅದರ ಮೇಲೇ ದಾರಿ ಮಾಡಿಕೊಂಡು ಬರುತ್ತದೆ.

ಹೋದ ವರ್ಷ ಭತ್ತ ತೆನೆ ಬಿಟ್ಟ ಕಾಲ. ರಾತ್ರಿ ಹತ್ತು ಗಂಟೆ. ನಮ್ಮ ಪಕ್ಕದ ತೋಟದಲ್ಲಿ ಕೆಲಸಕ್ಕಿರುವ ಒಬ್ಬರು ಟಾರ್ಚ್ ಹಿಡಿದುಕೊಂಡು ಮನೆ ಹತ್ತಿರ ಬಂದರು. 'ಗೌಡ್ರೇ, ಹಳ್ಳದ ಮೇಲ್ಗಡೆ ಕಂದಕ ಕುಸಿದೈತೆ, ಹುಷಾರು' ಅಂದರು. ಅಪ್ಪ ಅವರನ್ನು ಒಳಗೆ ಕರೆದು ಕೂರಿಸಿದರು. ಅಮ್ಮ ಕಾಫಿ ಮಾಡಿದರು. ಅಪ್ಪ ನಾಲ್ಕು ಮನೆಗೆ ಫೋನ್ ಮಾಡಿದರು. ಬೆಳಿಗ್ಗೆ ಎಲ್ಲರೂ ಹಾರೆ, ಗುದ್ದಲಿ ತೆಗೆದುಕೊಂಡು ಹೋದರು, ಅರಣ್ಯ ಇಲಾಖೆಯವರಿಗೂ ತಿಳಿಸಿದರು. ಆ ಮನುಷ್ಯನನ್ನು 'ರಾತ್ರಿ ಹೊತ್ತು ಕಂದಕದ ಹತ್ತಿರ ನಿನಗೇನು ಕೆಲಸ' ಅಂತ ನಮ್ಮಲ್ಲಿ ಯಾರೂ ಕೇಳಲಿಲ್ಲ. ಕೇಳಿದ್ದರೆ ಮುಂದಿನ ಸಲ ಅವರು ಬರುತ್ತಿದ್ದರಾ? ಕಂದಕ ಕುಸಿದದ್ದು ಕಂಡರೂ ಮುಖ ತಿರುಗಿಸಿ ಹೋಗುತ್ತಿದ್ದರು. ನಾವು ಭತ್ತ ಕಳೆದುಕೊಳ್ಳುತ್ತಿದ್ದೆವು. ಇಲ್ಲವೇ ಜೀವ.

ನಿಮ್ಮ ಕಾಲೇಜಿನಲ್ಲಿ ಈಗ ಅದೇ ಆಗಿದೆ. ಆ ಹುಡುಗಿಯ ತರಗತಿಯ ಇಬ್ಬರು ನನ್ನ ಅಂಗಡಿಗೆ ಬಂದಿದ್ದರು. ಲ್ಯಾಬಿನಲ್ಲಿ ಇನ್ನೂ ಒಂದೆರಡು ತೊಂದರೆ ಅವರ ಕಣ್ಣಿಗೆ ಬಿದ್ದಿವೆಯಂತೆ. 'ನಮಗ್ಯಾಕೆ ಅಣ್ಣಾ, ಸುಮ್ನೆ ಇದ್ದುಬಿಡ್ತೀವಿ' ಅಂದರು. ಅವರು ಹೇಳಿದ್ದನ್ನು ಕೇಳಿ ನನಗೆ ಆ ದಿನ ಊಟ ಸೇರಲಿಲ್ಲ. ಕಂಪ್ಯೂಟರ್ ಕಲಿಸುವ ಜಾಗದಲ್ಲೇ ಮಕ್ಕಳು ಇದನ್ನು ಕಲಿತರೆ, ನಾಳೆ ಬ್ಯಾಂಕಿಗೋ ಆಸ್ಪತ್ರೆಗೋ ಕೆಲಸಕ್ಕೆ ಸೇರಿದಾಗ ಅಲ್ಲೂ ಬಾಯಿ ಮುಚ್ಚಿಕೊಂಡೇ ಇರುತ್ತಾರೆ.

ಕಾನೂನಿನ ಮಾತು ನೀವೇ ಎತ್ತಿದ್ದರಿಂದ ಅದನ್ನೂ ನೋಡೋಣ. 2000ನೇ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ನೇ ಕಲಂನಲ್ಲಿ ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಇದೆ ಅಂತ ಆ ತಾಯಿಗೆ ಹೇಳಿದಿರಿ. ಆ ಕಲಂ ಶುರುವಾಗೋದೇ ಅಪ್ರಾಮಾಣಿಕವಾಗಿ ಅಥವಾ ವಂಚನೆಯಿಂದ ಮಾಡಿದವರು ಅನ್ನೋ ಅರ್ಥದ ಮಾತಿನಿಂದ. ನೀವು ಕೊಟ್ಟ ಖಾತೆಯಲ್ಲಿ, ನಿಮ್ಮ ಲ್ಯಾಬಿನ ಹೊತ್ತಿನಲ್ಲಿ, ವರ್ಷನ್ ನಂಬರ್ ಓದಿ, ತನ್ನ ಹೆಸರು, ರಿಜಿಸ್ಟರ್ ನಂಬರ್ ಬರೆದು, ಸಹಿ ಹಾಕಿ ನಿಮಗೇ ಪತ್ರ ಕೊಟ್ಟವಳಲ್ಲಿ ವಂಚನೆ ಎಲ್ಲಿದೆ? ಕಳ್ಳ ಯಾರಾದರೂ ಪ್ರಾಂಶುಪಾಲರಿಗೆ ಎರಡು ಪುಟದ ಪತ್ರ ಬರೆಯುತ್ತಾನಾ?

ಈ ದೇಶದಲ್ಲಿ ಇಂಥ ದೋಷಗಳನ್ನು ತಿಳಿಸುವವರಿಗೆ ಅಂತ ಒಂದು ಬಾಗಿಲು ಸರಕಾರವೇ ಇಟ್ಟಿದೆ. ಕಂಪ್ಯೂಟರ್ ಭದ್ರತೆ ನೋಡಿಕೊಳ್ಳುವ ಕೇಂದ್ರ ಸರಕಾರದ ಸರ್ಟ್-ಇನ್ ಸಂಸ್ಥೆ 2004ರಿಂದ ಕೆಲಸ ಮಾಡುತ್ತಿದೆ. ಸಾಫ್ಟ್‌ವೇರ್ ದೋಷ ಕಂಡವರು ಅದಕ್ಕೆ ತಿಳಿಸಬಹುದು. ಸಿವಿಇ ನಂಬರ್ ಕೊಡುವ ಅಧಿಕಾರವೂ ಅದಕ್ಕಿದೆ. ಅದೇ ಸಂಸ್ಥೆ 2022ರ ಏಪ್ರಿಲ್ 28ರಂದು ಒಂದು ಆದೇಶ ಹೊರಡಿಸಿತು. ಸೈಬರ್ ದಾಳಿಯಂಥ ಘಟನೆ ಗೊತ್ತಾದರೆ 6 ಗಂಟೆಯೊಳಗೆ ವರದಿ ಮಾಡಬೇಕು, 180 ದಿನಗಳ ಲಾಗ್, ಅಂದರೆ ಮೆಷಿನ್‌ನಲ್ಲಿ ಏನೇನು ನಡೆಯಿತು ಅನ್ನೋ ದಾಖಲೆ, ಇಟ್ಟಿರಬೇಕು ಅಂತ. ನಾಳೆ ನಿಮ್ಮ ಸರ್ವರ್‌ಗೆ ಯಾರೋ ನುಗ್ಗಿದರೆ ತೋರಿಸೋಕೆ ನಿಮ್ಮ ಹತ್ತಿರ ಯಾವ ಲಾಗ್ ಇದೆ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ಜನರ ಮಾಹಿತಿ ಇಟ್ಟುಕೊಂಡವರು ಸರಿಯಾದ ಭದ್ರತೆ ಮಾಡದೆ ಅದು ಸೋರಿದರೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು ಅಂತ ಬರೆದಿದ್ದಾರೆ. ಹೆದರಿಸೋಕೆ ಹೇಳುತ್ತಿಲ್ಲ. ಕಾನೂನು ಯಾರ ಮೇಲೆ ಜವಾಬ್ದಾರಿ ಹೊರಿಸಿದೆ ಅಂತ ನೀವೇ ಯೋಚನೆ ಮಾಡಿ ಅಂತ ಹೇಳುತ್ತಿದ್ದೇನೆ. ಅದು ಹುಡುಗಿಯ ಮೇಲಲ್ಲ.

ನಾನು ಕೇಳುವುದು ಜಾಸ್ತಿ ಏನಿಲ್ಲ.

ಎಲ್ಲಕ್ಕಿಂತ ಮೊದಲು ಆ ತಪ್ಪೊಪ್ಪಿಗೆ ಪತ್ರವನ್ನು ಅವಳಿಗೆ ವಾಪಸ್ ಕೊಡಿ. ಕಡತದಲ್ಲಿ ಅದರ ಪ್ರತಿ ಉಳಿಯಬಾರದು. ನಾಳೆ ಎಲ್ಲೋ ಕೆಲಸಕ್ಕೆ ಹೋದಾಗ ಕಾಲೇಜಿನಿಂದ ನಡತೆ ಪತ್ರ ಕೇಳುತ್ತಾರೆ. ಆಗ ಈ ಕಾಗದ ಅವಳ ಕಾಲಿಗೆ ತೊಡರಬಾರದು. ಲ್ಯಾಬಿಗೆ ಅವಳನ್ನು ಇವತ್ತಿನಿಂದಲೇ ಬಿಡಿ. ತಾಯಿಗೆ ಒಂದು ಮಾತು ಹೇಳಿ. ಅವರು ಓದಿದವರಲ್ಲ. ಮಗಳು ಏನೋ ಕದ್ದಿದ್ದಾಳೆ ಅಂತಲೇ ಇವತ್ತಿಗೂ ತಿಳಿದುಕೊಂಡಿದ್ದಾರೆ. 'ನನ್ನ ಮಗಳು ಏನು ತಗೊಂಡಳು ಸಾಮಿ' ಅಂತ ನನ್ನನ್ನು ಕೇಳಿದರು. ನಾನು ಎಷ್ಟು ಹೇಳಿದರೂ ಅವರಿಗೆ ಸಮಾಧಾನ ಆಗಲಿಲ್ಲ. ಅದು ನಿಮ್ಮ ಬಾಯಿಂದ ಬರಬೇಕು.

ಸರ್ವರ್ ವಿಷಯಕ್ಕೆ ಬಂದರೆ, ಬರೀ ಒಂದು ಅಪ್‌ಡೇಟ್ ಸಾಲದು. ಉಬುಂಟು 20.04ರ ಸಾಮಾನ್ಯ ಬೆಂಬಲ 2025ರ ಮೇ ತಿಂಗಳಿಗೇ ಮುಗಿದಿದೆ. 24.04 ಹಾಕಿ, ಅದಕ್ಕೆ 2029ರವರೆಗೆ ಅಪ್‌ಡೇಟ್ ಸಿಗುತ್ತದೆ. ದುಡ್ಡು ಕೊಡಬೇಕಾಗಿಲ್ಲ. ಫೈರ್‌ವಾಲ್‌ನಲ್ಲಿ ಉಬುಂಟುವಿನ ಅಪ್‌ಡೇಟ್ ಬರುವ ವಿಳಾಸಗಳಿಗೆ ಮಾತ್ರ ಪಾಸ್‌ವರ್ಡ್ ಇಲ್ಲದೆ ದಾರಿ ಬಿಡಿ. ಆಪ್‌ಆರ್ಮರ್ ಮತ್ತೆ ಚಾಲೂ ಮಾಡಿ. ಪ್ರಿಂಟರ್ ತೊಂದರೆ ಕೊಟ್ಟರೆ ಪ್ರಿಂಟರ್ ಒಂದನ್ನು ನೋಡಿಕೊಳ್ಳೋಣ. ವಿದ್ಯಾರ್ಥಿಗಳು ಲಾಗಿನ್ ಆಗುವ ಮೆಷಿನ್‌ನಲ್ಲಿ ಅಂಕಗಳನ್ನೂ ಆಧಾರ್ ಪ್ರತಿಗಳನ್ನೂ ಇಡಲೇಬೇಡಿ. ಆಫೀಸಿಗೆ ಬೇರೆ ಮೆಷಿನ್ ಇರಲಿ. ಪಾಸಾಗಿ ಹೋದವರ ಖಾತೆ ಮುಚ್ಚಿ. ಮತ್ತೆ ಲ್ಯಾಬಿನ ಗೋಡೆ ಮೇಲೆ ಒಂದು ಚೀಟಿ ಅಂಟಿಸಿ: ತೊಂದರೆ ಕಂಡರೆ ಇಂಥವರಿಗೆ ತಿಳಿಸಿ, ತಿಳಿಸಿದವರ ಮೇಲೆ ಕ್ರಮ ಇರುವುದಿಲ್ಲ, ಹದಿನೈದು ದಿನದಲ್ಲಿ ಉತ್ತರ ಕೊಡುತ್ತೇವೆ. ಕೆಳಗೆ ಪ್ರಾಂಶುಪಾಲರ ಸಹಿ.

ಮೂರು ವರ್ಷದಲ್ಲಿ ನೀವು ನನ್ನ ಬಿಲ್ಲನ್ನು ಒಂದು ದಿನವೂ ತಡ ಮಾಡಿಲ್ಲ. ಬಡ ಮಕ್ಕಳಿಗೆ ಫೀಸು ಕಂತಿನಲ್ಲಿ ಕಟ್ಟೋಕೆ ಬಿಟ್ಟಿದ್ದನ್ನೂ ನೋಡಿದ್ದೇನೆ. ನೀವು ಕೆಟ್ಟವರಲ್ಲ ಅಂತ ನನಗೆ ಗೊತ್ತು. ಅದಕ್ಕೇ ಇಷ್ಟು ಉದ್ದ ಬರೆದೆ. ಗೊತ್ತಿಲ್ಲದ ವಿಷಯ ಎದುರಿಗೆ ಬಂದಾಗ ಗಾಬರಿಯಾಗಿ ಹಾಗೆ ಮಾಡಿದಿರಿ ಅಂತಲೇ ನಾನು ನಂಬಿದ್ದೇನೆ. ಈ ಪತ್ರದಿಂದ ನನ್ನ ಗುತ್ತಿಗೆ ಹೋದರೂ ಹೋಗಲಿ. ಹಾಸನದಲ್ಲಿ ಯುಪಿಎಸ್ ಬ್ಯಾಟರಿ ಬದಲಿಸೋಕೆ ಬೇರೆಯವರು ಸಿಗುತ್ತಾರೆ.

ಮುಂದಿನ ತಿಂಗಳು ಪ್ರಾಕ್ಟಿಕಲ್ ಪರೀಕ್ಷೆ. ಶನಿವಾರ ನಾನು ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕೋಕೆ ನಿಮ್ಮಲ್ಲಿಗೆ ಬರುತ್ತೇನೆ. 24.04 ತುಂಬಿದ ಪೆನ್‌ಡ್ರೈವ್ ಜೇಬಿನಲ್ಲಿರುತ್ತದೆ. ನೀವು ಹೂಂ ಅಂದರೆ ಫೈಲುಗಳನ್ನೆಲ್ಲ ಬ್ಯಾಕಪ್ ತೆಗೆದು ಶನಿವಾರ, ಭಾನುವಾರ ಕೂತು ಕೆಲಸ ಮುಗಿಸಿಕೊಡುತ್ತೇನೆ. ಅದಕ್ಕೆ ಬಿಲ್ ಇಲ್ಲ. ಆದರೆ ಆ ಕೆಲಸದಲ್ಲಿ ನನ್ನ ಪಕ್ಕದಲ್ಲಿ ಆ ಹುಡುಗಿ ಕೂತಿರಬೇಕು, ನಿಮ್ಮ ಲ್ಯಾಬಿನಲ್ಲೇ.

ಇಂತಿ ತಮ್ಮ ವಿಶ್ವಾಸಿ,
ನಿಮ್ಮ ಲ್ಯಾಬಿಗೆ ಬರುವ ಕಂಪ್ಯೂಟರ್ ಸರ್ವಿಸಿನವನು,
ಹಾಸನ